ಗುಡ್ಡದ ಭಾರ ಹೊತ್ತವರು ಯಾರು?

ಜುಲೈ ತಿಂಗಳಲ್ಲಿ ಕುದುರೆಮುಖದ ಘಾಟಿ ಹತ್ತಿದವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ಎರಡು ಮೂರು ದಿನ ಬಿಡದೆ ಮಳೆ ಹೊಡೆದಿರುತ್ತದೆ. ರಸ್ತೆಗಾಗಿ ಕಡಿದ ದರೆಯಿಂದ ಇಳಿಯುವ ನೀರು ಕುಂಕುಮ ಕದಡಿದ ಹಾಗೆ ಕೆಂಪಗಿರುತ್ತದೆ. ನಾಲ್ಕು ಹೆಜ್ಜೆ ಆಚೆ, ಹುಲ್ಲು ಹೊದ್ದ ಗುಡ್ಡದ ಮಡಿಲಿನಿಂದ ಬರುವ ತೊರೆ ಮಾತ್ರ ತಿಳಿಯಾಗಿ ಹರಿಯುತ್ತಿರುತ್ತದೆ. ಅದೇ ಮಳೆ, ಅದೇ ಇಳಿಜಾರು. ಮಣ್ಣನ್ನು ಹಿಡಿದಿರುವುದು ಹುಲ್ಲು.

ಆ ಹುಲ್ಲಿನಲ್ಲಿ ಮೊಣಕಾಲೂರಿ ಕೂತು, ಒಂದು ಮಾರು ಜಾಗವನ್ನು ಬೆರಳಿನಿಂದ ಬಿಡಿಸುತ್ತಾ ನೋಡಿ. ಕಣ್ಣಿಗೆ ಒಂದೇ ಹಸಿರಾಗಿ ಕಂಡದ್ದು ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತದೆ. ಜಾಗದ ಬಹುಪಾಲನ್ನು ಆಳುತ್ತಿರುವುದು ಬುಡದಲ್ಲಿ ಗಟ್ಟಿ ಮೆಳೆ ಕಟ್ಟುವ ಎರಡು ಮೂರು ಜಾತಿಯ ಹುಲ್ಲು. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಹೀಗೆ ಮೇಲುಗೈ ಪಡೆಯುವವು ಸಾಮಾನ್ಯವಾಗಿ ಕ್ರೈಸೊಪೋಗಾನ್, ಥೀಮೆಡಾ, ಅರುಂಡಿನೆಲ್ಲಾ ಕುಲದವು. ಕ್ರೈಸೊಪೋಗಾನ್ ಎಂದರೆ ನಮಗೆ ಪರಿಚಿತವಾದ ಲಾವಂಚದ ಕುಲವೇ. ಈ ಮೆಳೆಗಳ ಸಂದಿಯಲ್ಲಿ, ಬೆರಳು ತಗಲಿದರಷ್ಟೇ ಗೊತ್ತಾಗುವ ಹಾಗೆ, ಕರ್ಣಕುಂಡಲದ ಬಳಗದ ಒಂದು ಪುಟ್ಟ ಗಿಡ, ನೆಲದಲ್ಲಿ ಬೆಳೆಯುವ ಒಂದು ಆರ್ಕಿಡ್, ಒದ್ದೆ ಕಲ್ಲಿನ ಅಂಚಿಗೆ ಕೀಟ ಹಿಡಿಯುವ ಡ್ರೊಸೆರಾದ ಕೆಂಪು ಚುಕ್ಕಿ. ಹೆಸರು ಬರೆಯುತ್ತಾ ಹೋದರೆ ಪಟ್ಟಿಯ ಬಹುಭಾಗ ಈ ಸಣ್ಣವರದೇ. ಕೊಯ್ದು ತೂಗಿದರೆ ಭಾರದ ಬಹುಭಾಗ ಆ ಎರಡು ಮೂರು ಹುಲ್ಲುಗಳದು.

ಹಾಗಾದರೆ ಗುಡ್ಡದ ಕೆಲಸ ನಡೆಯುವುದು ಯಾರಿಂದ? ಕೆಲಸ ಎಂದರೆ ಮಣ್ಣು ಹಿಡಿಯುವುದು, ಮಳೆ ನೀರನ್ನು ಇಂಗಿಸಿ ನಿಧಾನಕ್ಕೆ ಬಿಡುವುದು, ಇಂಗಾಲವನ್ನು ನೆಲದೊಳಗೆ ಇಡುವುದು, ಮೇಯುವ ಪ್ರಾಣಿಗೆ ಹೊಟ್ಟೆ ತುಂಬಿಸುವುದು. ಪರಿಸರ ವಿಜ್ಞಾನಿಗಳು ಸುಮಾರು ಮೂವತ್ತು ವರ್ಷಗಳಿಂದ ಈ ಪ್ರಶ್ನೆಯ ಮೇಲೆ ವಾದಿಸುತ್ತಿದ್ದಾರೆ. ವಾದದ ಬಿಸಿ ಪ್ರಯೋಗಾಲಯದ ಆಚೆಗೂ ತಟ್ಟುತ್ತದೆ. ಹಾಳಾದ ಒಂದು ಗುಡ್ಡವನ್ನು ಮತ್ತೆ ಹುಲ್ಲುಗಾವಲು ಮಾಡಹೊರಟವರ ಕೈಯಲ್ಲಿ ದುಡ್ಡೂ ಆಳೂ ಯಾವಾಗಲೂ ಕಡಿಮೆ. ಎರಡು ಗಟ್ಟಿ ಹುಲ್ಲನ್ನು ಸಾಲಾಗಿ ನೆಟ್ಟು ಮುಗಿಸಬೇಕೇ, ನಲವತ್ತು ಜಾತಿಯ ಬೀಜ ಹುಡುಕಿಕೊಂಡು ವರ್ಷಗಟ್ಟಲೆ ಅಲೆಯಬೇಕೇ? ಉತ್ತರ ನಾವು ಯಾರ ವಾದವನ್ನು ನಂಬುತ್ತೇವೆ ಎಂಬುದರ ಮೇಲೆ ನಿಂತಿದೆ.

ಹೆಚ್ಚಿನವರ ಪರವಾಗಿ

ಮೊದಲ ವಾದವನ್ನು ಸ್ಪಷ್ಟ ಮಾತಿನಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಫಿಲಿಪ್ ಗ್ರೈಮ್. 1998ರಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು: ಒಂದು ಜಾಗದ ಸಸ್ಯರಾಶಿಯಲ್ಲಿ ಯಾರ ಪಾಲು ಎಷ್ಟೋ, ಸದ್ಯದ ಕೆಲಸದಲ್ಲೂ ಅವರ ಪಾಲು ಅಷ್ಟೇ. ಬಿಸಿಲು ಹೀರುವುದು ಎಲೆ, ನೀರು ಎಳೆಯುವುದು ಬೇರು, ಕೊಳೆತು ಮಣ್ಣಾಗುವುದು ಒಣಗಿದ ಎಲೆ ಮತ್ತು ಬೇರು. ಇವೆಲ್ಲ ಯಾರ ಹತ್ತಿರ ಹೆಚ್ಚಿವೆಯೋ ಅವರ ಗುಣವೇ ಆ ನೆಲದ ಗುಣವಾಗುತ್ತದೆ. ಆದ್ದರಿಂದ ಎಷ್ಟು ಜಾತಿಗಳಿವೆ ಎಂದು ಎಣಿಸುವ ಮೊದಲು, ಮೇಲುಗೈ ಪಡೆದವನು ಎಂಥವನು ಎಂದು ಕೇಳಬೇಕು. ಅವನ ಬೇರು ಆಳವೋ ಮೇಲುಮೇಲೋ, ಎಲೆ ಮೆತ್ತಗೋ ನಾರುನಾರೋ, ಬೆಳೆಯುವುದು ಬೇಗವೋ ನಿಧಾನವೋ?

ಗ್ರೈಮ್ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ಬಕ್ಸ್‌ಟನ್ ಬಳಿ, ಸುಣ್ಣಕಲ್ಲಿನ ಗುಡ್ಡದ ಬಡ ಮಣ್ಣಿನ ಹುಲ್ಲುಗಾವಲಿನಲ್ಲಿ 13 ವರ್ಷ ಒಂದು ಪ್ರಯೋಗ ನಡೆಸಿದರು. ಕೆಲವು ತುಂಡು ನೆಲಕ್ಕೆ ಚಳಿಗಾಲದಲ್ಲಿ ಶಾಖ ಕೊಟ್ಟರು. ಕೆಲವಕ್ಕೆ ಬೇಸಗೆಯ ಮಳೆ ಬೀಳದಂತೆ ತಡೆದರು. ಇನ್ನು ಕೆಲವಕ್ಕೆ ಹೆಚ್ಚು ನೀರು ಹಾಯಿಸಿದರು. ಹುಲ್ಲುಗಾವಲು ಹೆಚ್ಚೇನೂ ಬದಲಾಗದೆ ನಿಂತಿತು. ಅಲ್ಲಿ ಆಳುತ್ತಿದ್ದವು ನಿಧಾನಕ್ಕೆ ಬೆಳೆದು ಬಹುಕಾಲ ಬದುಕುವ, ಕೊರತೆಗೆ ಒಗ್ಗಿದ ಸಸ್ಯಗಳು. ದಿನಕ್ಕೊಂದು ಹವೆಗೆ ಅವು ಅಲುಗುವವಲ್ಲ.

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಕೊಂಜಾ ಹುಲ್ಲುಗಾವಲಿನಲ್ಲಿ ಮೆಲಿಂಡಾ ಸ್ಮಿತ್ ಮತ್ತು ಅಲನ್ ನ್ಯಾಪ್ ನೇರವಾಗಿ ಪರೀಕ್ಷೆ ಮಾಡಿದರು. ಒಂದು ಕಡೆ ವಿರಳ ಸಸ್ಯಗಳನ್ನು ಕಿತ್ತರು, ಇನ್ನೊಂದು ಕಡೆ ಮೇಲುಗೈ ಪಡೆದ ಹುಲ್ಲನ್ನು ಕಡಿಮೆ ಮಾಡಿದರು. 2003ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ವಿರಳರು ಹೋದರೂ ಬೆಳೆಯುವ ಹುಲ್ಲಿನ ಪ್ರಮಾಣ ತಗ್ಗಲಿಲ್ಲ. ದೊಡ್ಡ ಹುಲ್ಲು ತಗ್ಗಿದಾಗ ತಗ್ಗಿತು. ಕೊಂಜಾ ಬಯಲು ಸೀಮೆ. ಬಯಲಿನ ಪಾಠವನ್ನು ಮಲೆಗೆ ಹೊತ್ತು ತರುವಾಗ ಎಚ್ಚರ ಬೇಕು. ಆದರೆ ಮಲೆಯಲ್ಲೂ ಇದೇ ದಿಕ್ಕಿನ ಸಾಕ್ಷ್ಯವಿದೆ, ಅದೂ ನಮ್ಮ ಪಕ್ಕದಲ್ಲೇ.

ನೀಲಗಿರಿ ಜಿಲ್ಲೆಯ ಗ್ಲೆನ್‌ಮಾರ್ಗನ್‌ನಲ್ಲಿ ಮಣ್ಣು ಮತ್ತು ಜಲ ಸಂರಕ್ಷಣೆಯ ವಿಜ್ಞಾನಿಗಳು ಅಕ್ಕಪಕ್ಕದ ಎರಡು ಪುಟ್ಟ ಜಲಾನಯನಗಳನ್ನು ಆರಿಸಿಕೊಂಡರು. ಒಂದನ್ನು ಹುಲ್ಲುಗಾವಲಾಗಿಯೇ ಬಿಟ್ಟರು. ಇನ್ನೊಂದರಲ್ಲಿ 1972ರಲ್ಲಿ ನೀಲಗಿರಿ ಮರ ನೆಟ್ಟರು. ಈ ಮರಕ್ಕೆ ಕನ್ನಡದಲ್ಲಿ ಆ ಬೆಟ್ಟದ ಹೆಸರೇ ಅಂಟಿಕೊಂಡಿದೆ, ಆದರೆ ಅದು ಬಂದದ್ದು ಆಸ್ಟ್ರೇಲಿಯಾದಿಂದ, 19ನೆಯ ಶತಮಾನದಲ್ಲಿ. ಮೊದಲ ಹತ್ತು ವರ್ಷದ ಸುತ್ತಿನಲ್ಲಿ ಮರ ನೆಟ್ಟ ಕಡೆ ತೊರೆಗೆ ಇಳಿಯುವ ನೀರು ಸುಮಾರು ಶೇ. 16ರಷ್ಟು ತಗ್ಗಿತು. ಕಡಿದ ಬುಡದಿಂದ ಮತ್ತೆ ಚಿಗುರಿ ಬೆಳೆದ ಎರಡನೆಯ ಸುತ್ತಿನಲ್ಲಿ ಸುಮಾರು ಶೇ. 25ರಷ್ಟು ತಗ್ಗಿತು. ಅಲ್ಲಿ ಬದಲಾದದ್ದು ಮೇಲುಗೈ ಯಾರದು ಎಂಬುದು. ಅಷ್ಟರಿಂದಲೇ ಕಾಲು ಭಾಗ ನೀರು ತೊರೆಗೆ ಇಳಿಯದೆ ಹೋಯಿತು.

ಇದಕ್ಕಿಂತ ದೊಡ್ಡ ಉದಾಹರಣೆ ಟಿಬೆಟ್ಟಿನ ಪ್ರಸ್ಥಭೂಮಿ. ಅಲ್ಲಿ ಸುಮಾರು ನಾಲ್ಕೂವರೆ ಲಕ್ಷ ಚದರ ಕಿಲೋಮೀಟರ್ ನೆಲವನ್ನು, ಅಂದರೆ ಎರಡು ಕರ್ನಾಟಕಕ್ಕಿಂತ ಹೆಚ್ಚು ಜಾಗವನ್ನು, ಕೊಬ್ರೆಸಿಯಾ ಪಿಗ್ಮಿಯಾ ಎಂಬ ಒಂದೇ ಗಿಡದ ಹುಲ್ಲುಗಾವಲು ಹೊದ್ದಿದೆ. ಎತ್ತರ ಕೆಲವೇ ಸೆಂಟಿಮೀಟರ್. ಯಾಕ್ ಮೇದು ಮೇದು ನೆಲಕ್ಕೆ ಅಂಟಿದಂತಿರುತ್ತದೆ. ಆದರೆ ಅದರ ಬಹುಪಾಲು ದೇಹ ನೆಲದಡಿಯಲ್ಲಿದೆ. ಬೇರುಗಳು ಒಂದಕ್ಕೊಂದು ಹೆಣೆದು ಕಂಬಳಿಯಂಥ ದಪ್ಪ ಪದರವಾಗಿವೆ. ಆ ಕಂಬಳಿ ಮಣ್ಣನ್ನು ಹಿಡಿದಿದೆ, ಅಪಾರ ಇಂಗಾಲವನ್ನು ಕೂಡಿಟ್ಟಿದೆ, ಕುರುಬರ ಯಾಕ್ ಮತ್ತು ಕುರಿ ಹಿಂಡುಗಳನ್ನು ಸಾಕಿದೆ. ಅಲ್ಲಿನ ಗುಡ್ಡಗಳ ಕೆಲಸ ಯಾರದು ಎಂದು ಕೇಳಿದರೆ ಬೆರಳು ಆ ಒಂದು ಗಿಡದ ಕಡೆಗೇ ಹೋಗುತ್ತದೆ.

ವಿರಳರ ಪರವಾಗಿ

ಎದುರು ವಾದವೂ ಗಟ್ಟಿಯಾದ ನೆಲದ ಮೇಲೆಯೇ ನಿಂತಿದೆ. ಅಮೆರಿಕದ ಮಿನೆಸೋಟಾ ರಾಜ್ಯದ ಸೀಡರ್ ಕ್ರೀಕ್‌ನಲ್ಲಿ ಡೇವಿಡ್ ಟಿಲ್ಮನ್ 207 ತುಂಡು ಹುಲ್ಲುಗಾವಲುಗಳನ್ನು ವರ್ಷವರ್ಷವೂ ಅಳೆಯುತ್ತಿದ್ದರು. 1987–88ರಲ್ಲಿ ಅಲ್ಲಿಗೆ ಭಾರೀ ಬರ ಬಂತು. ಜಾತಿಗಳು ಹೆಚ್ಚಿದ್ದ ತುಂಡುಗಳಲ್ಲಿ ಬೆಳೆ ಕುಸಿದದ್ದು ಕಡಿಮೆ, ಜಾತಿಗಳು ಕಡಿಮೆಯಿದ್ದ ತುಂಡುಗಳಲ್ಲಿ ಬಹಳ ಹೆಚ್ಚು. ಟಿಲ್ಮನ್ ಮತ್ತು ಜಾನ್ ಡೌನಿಂಗ್ 1994ರಲ್ಲಿ ಇದನ್ನು ಪ್ರಕಟಿಸಿದಾಗ ಚರ್ಚೆಯ ದಿಕ್ಕೇ ಬದಲಾಯಿತು. ಒಳ್ಳೆಯ ವರ್ಷದಲ್ಲಿ ಎಲ್ಲರೂ ದುಡಿಯುತ್ತಾರೆ. ಬರ ಬಂದಾಗ ಯಾರು ನಿಲ್ಲುತ್ತಾರೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದವನು ಗುಂಪಿನಲ್ಲಿ ಇರಬೇಕಾದರೆ ಗುಂಪು ದೊಡ್ಡದಿರಬೇಕು.

2011ರಲ್ಲಿ ಫಾರೆಸ್ಟ್ ಇಸ್ಬೆಲ್ ಮತ್ತು ಸಂಗಡಿಗರು 17 ಹುಲ್ಲುಗಾವಲು ಪ್ರಯೋಗಗಳ ಲೆಕ್ಕವನ್ನು ಒಟ್ಟುಹಾಕಿದರು. ಅವುಗಳಲ್ಲಿದ್ದ 147 ಜಾತಿಯ ಸಸ್ಯಗಳಲ್ಲಿ ಶೇ. 84ರಷ್ಟು ಯಾವುದೋ ಒಂದು ವರ್ಷ, ಯಾವುದೋ ಒಂದು ಜಾಗದಲ್ಲಿ, ಯಾವುದೋ ಒಂದು ಕೆಲಸಕ್ಕೆ ಒದಗಿ ಬಂದಿದ್ದವು. ಒಂದೇ ವರ್ಷ, ಒಂದೇ ಕೆಲಸ ನೋಡಿದರೆ ಕೆಲವೇ ಜಾತಿ ಸಾಕು ಎನಿಸುತ್ತದೆ. ವರ್ಷಗಳೂ ಕೆಲಸಗಳೂ ಹೆಚ್ಚಿದಂತೆ ಬೇಕಾದವರ ಪಟ್ಟಿ ಉದ್ದವಾಗುತ್ತದೆ. ಸೀಡರ್ ಕ್ರೀಕ್‌ನಲ್ಲೇ 1994ರಲ್ಲಿ ಬಿತ್ತಿದ ಇನ್ನೊಂದು ಪ್ರಯೋಗವೂ ಇದನ್ನೇ ತೋರಿತು. ವೈವಿಧ್ಯದ ಲಾಭ ಮೊದಲ ವರ್ಷಗಳಲ್ಲಿ ಸಣ್ಣದಿತ್ತು, ಕಾಲ ಸರಿದಂತೆ ಬೆಳೆಯಿತು.

ಟಿಬೆಟ್ ಕೂಡ ಇಲ್ಲಿ ಎರಡನೆಯ ಬಾರಿ ಸಾಕ್ಷಿ ನುಡಿಯುತ್ತದೆ. ಹೈಬೆಯಿ ಎಂಬಲ್ಲಿನ ಎತ್ತರದ ಹುಲ್ಲುಗಾವಲಿನ ದೀರ್ಘಕಾಲದ ದಾಖಲೆಗಳನ್ನೂ ಕೃತಕವಾಗಿ ಶಾಖ ಕೊಟ್ಟ ಪ್ರಯೋಗವನ್ನೂ ಸೇರಿಸಿ 2018ರಲ್ಲಿ ಒಂದು ಅಧ್ಯಯನ ಹೊರಬಂತು. ಹವೆ ಬಿಸಿಯಾಗಿ ಒಣಗುತ್ತಾ ಹೋದಂತೆ ಮೇಲುಬೇರಿನ ಜಾತಿಗಳು ಹಿಂದೆ ಸರಿದವು, ಆಳಕ್ಕೆ ಬೇರಿಳಿಸುವ ಹುಲ್ಲುಗಳು ಮುಂದೆ ಬಂದವು. ನೆಲದ ಮೇಲಿನ ಒಟ್ಟು ಬೆಳವಣಿಗೆ ಮಾತ್ರ ತಗ್ಗಲಿಲ್ಲ. ಹಿಂದೆ ಮೂಲೆಯಲ್ಲಿದ್ದವರು ಇದ್ದುದರಿಂದ ಮುಂದೆ ಬರಲು ಸಾಧ್ಯವಾಯಿತು. ಇದೇ ಪ್ರಸ್ಥಭೂಮಿಯ ಬೇರೆ ಕಡೆಗಳಲ್ಲಿ ಕೊಬ್ರೆಸಿಯಾದ ಕಂಬಳಿ ಬಿರುಕು ಬಿಟ್ಟು ಸಾಯುತ್ತಿದೆ. ಅಲ್ಲಿ ಮಣ್ಣು ಗಾಳಿ ಮಳೆಗೆ ತೆರೆದುಕೊಂಡು, ಕೂಡಿಟ್ಟ ಇಂಗಾಲ ಕೈಬಿಟ್ಟು ಹೋಗುತ್ತಿದೆ. ಒಬ್ಬನ ಮೇಲೆ ಎಲ್ಲವನ್ನೂ ಹೊರಿಸಿದ ನೆಲಕ್ಕೆ ಆ ಒಬ್ಬ ಬಿದ್ದ ದಿನ ಆಸರೆ ಇರುವುದಿಲ್ಲ.

ನಮ್ಮ ಘಟ್ಟಗಳಲ್ಲಿ ಇದನ್ನು ಅರಿಯಲು ಕುರಿಂಜಿಯನ್ನು ನೋಡಬೇಕು. ಕೇರಳದ ಎರವಿಕುಳಂನಂಥ ಕಡೆ ಇಳಿಜಾರುಗಳ ಮೇಲೆ ನೀಲಕುರಿಂಜಿ ದಟ್ಟ ಪೊದೆಯಾಗಿ ಮೇಲುಗೈ ಪಡೆಯುತ್ತದೆ. 12 ವರ್ಷಕ್ಕೊಮ್ಮೆ ಅದು ಒಟ್ಟಿಗೆ ಹೂಬಿಡುತ್ತದೆ. 2006ರಲ್ಲಿ, ಮತ್ತೆ 2018ರಲ್ಲಿ, ಬೆಟ್ಟವೇ ನೀಲಿಯಾಯಿತು. ಬಳಿಕ ಬೀಜ ಉದುರಿಸಿ ಆ ಪೊದೆಗಳೆಲ್ಲ ಒಟ್ಟಿಗೆ ಒಣಗಿ ಸಾಯುತ್ತವೆ. ಮೊಳಕೆಗಳು ಬೆಳೆದು ಮತ್ತೆ ಬುಡ ಬಲಿಯುವ ತನಕ ಆ ಇಳಿಜಾರಿನ ಮೇಲೂ ಮುಂಗಾರು ಹಿಂದಿನಷ್ಟೇ ರಭಸವಾಗಿ ಬೀಳುತ್ತದೆ. ಆಗ ಪೊದೆಯ ನೆರಳಿನಲ್ಲಿ ಅಷ್ಟು ವರ್ಷ ಬದುಕಿಕೊಂಡಿದ್ದ ಹುಲ್ಲು ಮತ್ತು ಸಣ್ಣ ಗಿಡಗಳೇ ಮಣ್ಣಿಗೆ ದಿಕ್ಕು.

ತೂಕಕ್ಕೆ ಸಿಗದ ಕೆಲಸಗಳೂ ಇವೆ. ನೀಲಗಿರಿಯ ಜೌಗಿನಲ್ಲಿ ಬೆಳೆಯುವ ಎರಿಯೊಕ್ರೈಸಿಸ್ ರಂಗಾಚಾರಿ ಎಂಬ ಅಪರೂಪದ ಹುಲ್ಲಿನಿಂದಲೇ ಅಲ್ಲಿನ ತೋಡ ಬುಡಕಟ್ಟಿನ ಜನರು ತಮ್ಮ ದೇಗುಲಗಳಿಗೆ ಛಾವಣಿ ಹೊದಿಸುತ್ತಾರೆ. ಇಡೀ ಗುಡ್ಡದ ಸಸ್ಯರಾಶಿಯ ಲೆಕ್ಕದಲ್ಲಿ ಅದು ಸೊನ್ನೆಗೆ ಹತ್ತಿರ. ಆ ಜನರ ಬದುಕಿನ ಲೆಕ್ಕದಲ್ಲಿ ಅದಕ್ಕೆ ಸಮನಾದ ಇನ್ನೊಂದಿಲ್ಲ.

ಎರಡೂ ವಾದಗಳಲ್ಲಿ ಉಳಿದ ಸಂದು

ಯಾವ ಪಕ್ಷದ ಸಾಕ್ಷ್ಯವೂ ಕಲೆಯಿಲ್ಲದ್ದಲ್ಲ. ವೈವಿಧ್ಯದ ಪ್ರಯೋಗಗಳ ಮೇಲೆ 1997ರಲ್ಲಿ ಮೈಕೆಲ್ ಹಸ್ಟನ್ ಒಂದು ಚೂಪಾದ ಆಕ್ಷೇಪ ಎತ್ತಿದರು. ಹದಿನಾರು ಜಾತಿಯ ಬೀಜ ಬಿತ್ತಿದ ನೆಲದಲ್ಲಿ ಚೆನ್ನಾಗಿ ಬೆಳೆಯುವ ಒಂದು ಹುಲ್ಲು ಸೇರಿಕೊಳ್ಳುವ ಸಂಭವ ಎರಡು ಜಾತಿ ಬಿತ್ತಿದ ನೆಲಕ್ಕಿಂತ ಹೆಚ್ಚು. ಹಾಗೆ ಸೇರಿದ ಆ ಒಂದೇ ಹುಲ್ಲು ಇಡೀ ನೆಲವನ್ನು ತುಂಬಿದರೆ, ನಾವು ವೈವಿಧ್ಯದ ಫಲ ಎಂದು ಕೊಂಡಾಡುವುದು ನಿಜದಲ್ಲಿ ಮೇಲುಗೈಯ ಫಲವೇ ಆಗಿರಬಹುದು. ಸೀಡರ್ ಕ್ರೀಕ್‌ನ ಬರದ ಲೆಕ್ಕದಲ್ಲೂ ತೊಡಕಿತ್ತು. ಅಲ್ಲಿ ಕೆಲವು ತುಂಡುಗಳಲ್ಲಿ ಜಾತಿಗಳು ಕಡಿಮೆಯಾದದ್ದೇ ಸಾರಜನಕ ಗೊಬ್ಬರ ಹಾಕಿದ್ದರಿಂದ. ಹಾಗಾದರೆ ಬರಕ್ಕೆ ಸೋತದ್ದು ಜಾತಿ ಕಡಿಮೆಯಾದ ಕಾರಣಕ್ಕೋ, ಗೊಬ್ಬರ ತಿಂದು ಮೆತ್ತಗೆ ಬೆಳೆದ ಕಾರಣಕ್ಕೋ?

ಈ ಗಂಟನ್ನು ಬಿಡಿಸಲು ಮಿಷೆಲ್ ಲೊರೊ ಮತ್ತು ಆಂಡಿ ಹೆಕ್ಟರ್ 2001ರಲ್ಲಿ ಒಂದು ಲೆಕ್ಕದ ದಾರಿ ತೋರಿಸಿದರು. ಒಟ್ಟು ಲಾಭದಲ್ಲಿ ಒಬ್ಬ ಬಲಶಾಲಿಯಿಂದ ಬಂದ ಪಾಲೆಷ್ಟು, ಹಲವರು ಹೊಂದಿಕೊಂಡು ದುಡಿದದ್ದರಿಂದ ಬಂದ ಪಾಲೆಷ್ಟು ಎಂದು ಬೇರ್ಪಡಿಸುವ ದಾರಿ ಅದು. ಅಳೆದು ನೋಡಿದ ಪ್ರಯೋಗಗಳಲ್ಲಿ ಎರಡೂ ಪಾಲುಗಳು ಕಾಣಿಸಿಕೊಂಡವು. ಒಬ್ಬನ ಬೇರು ಒಂದು ಗೇಣು, ಇನ್ನೊಬ್ಬನದು ಒಂದು ಮೊಳ. ಒಬ್ಬ ಮುಂಗಾರಿಗೆ ಎದ್ದರೆ ಇನ್ನೊಬ್ಬ ಹಿಂಗಾರಿನಲ್ಲಿ ಹೂಬಿಡುತ್ತಾನೆ. ಒಬ್ಬರ ಜಾಗ ಇನ್ನೊಬ್ಬರಿಗೆ ಬೇಕಿಲ್ಲದಿದ್ದಾಗ ಇಬ್ಬರ ದುಡಿಮೆಯೂ ನೆಲಕ್ಕೆ ಸಲ್ಲುತ್ತದೆ.

ಮೇಲುಗೈ ವಾದದ ಸಂದೂ ಸಣ್ಣದಲ್ಲ. ವಿರಳರನ್ನು ಕಿತ್ತು ನೋಡಿದ ಪ್ರಯೋಗಗಳು ಕೆಲವೇ ವರ್ಷದವು, ಮತ್ತು ಅವು ಬಹುಮಟ್ಟಿಗೆ ಅಳೆದದ್ದು ಎಷ್ಟು ಹುಲ್ಲು ಬೆಳೆಯಿತು ಎಂಬುದನ್ನು. ಜೇನ್ನೊಣಕ್ಕೆ ಹೂ ಸಿಕ್ಕಿತೇ, ಮಣ್ಣಿನ ಸಾರ ಉಳಿಯಿತೇ ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ. ಗ್ರೈಮ್ ಕೂಡ ತಮ್ಮ ವಾದವನ್ನು ಸದ್ಯದ ಕೆಲಸಕ್ಕೆ ಮಾತ್ರ ಕಟ್ಟಿಹಾಕಿದ್ದರು. ದೊಡ್ಡವರ ನಡುವೆ ಬದುಕುವ ಸಣ್ಣವರು ನಾಳೆ ಯಾರು ಬೇರೂರಬೇಕು ಎಂಬುದನ್ನು ಸೋಸುವ ಜರಡಿಯಾಗಿರಬಹುದು ಎಂದು ಅದೇ ಪ್ರಬಂಧದಲ್ಲಿ ಹೇಳಿದವರೂ ಅವರೇ. ಈ ಮಾತನ್ನು ಅವರ ಹೆಸರು ಹೇಳುವ ಎಷ್ಟೋ ಜನ ಮರೆಯುತ್ತಾರೆ.

ಹೂವಿನ ಕಣಿವೆಯ ಅಮೇಲಾ

ಮೇಲುಗೈ ಎನ್ನುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಡಲಾಗದು ಎಂಬುದಕ್ಕೆ ಉತ್ತರಾಖಂಡದ ಹೂವಿನ ಕಣಿವೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1982ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಬೇಸಗೆಗೆ ಅಲ್ಲಿಗೆ ಕುರಿ ದನ ಹೊಡೆದುಕೊಂಡು ಬರುತ್ತಿದ್ದವರ ದಾರಿ ಮುಚ್ಚಿತು. ಮುಂದಿನ ವರ್ಷಗಳಲ್ಲಿ ಸ್ಥಳೀಯರು ಅಮೇಲಾ ಎಂದು ಕರೆಯುವ, ಆಳೆತ್ತರಕ್ಕೆ ಬೆಳೆಯುವ ಒಂದು ಗಿಡ ಕಣಿವೆಯ ಕೆಲವು ಭಾಗಗಳನ್ನು ಆವರಿಸಿಕೊಂಡಿತು. ಸಸ್ಯಶಾಸ್ತ್ರದಲ್ಲಿ ಅದು ಪಾಲಿಗೋನಮ್ ಪಾಲಿಸ್ಟಾಕಿಯಮ್. ಹೊರಗಿನಿಂದ ಬಂದ ಕಳೆಯಲ್ಲ, ಹಿಮಾಲಯದ್ದೇ.

ಕೆಲವು ಸಸ್ಯಶಾಸ್ತ್ರಜ್ಞರು ಮೇಯಿಸುವುದನ್ನು ನಿಲ್ಲಿಸಿದ್ದೇ ತಪ್ಪಾಯಿತು ಎಂದರು. ಕುರಿಗಳ ಬಾಯಿ ಮತ್ತು ಗೊರಸು ಇಲ್ಲದೆ ಅಮೇಲಾಗೆ ತಡೆ ಇಲ್ಲವಾಯಿತು, ಅದರ ನೆರಳಿನಲ್ಲಿ ಗಿಡ್ಡ ಹೂಗಿಡಗಳು ಉಸಿರುಗಟ್ಟುತ್ತಿವೆ ಎಂದರು. ಇನ್ನು ಕೆಲವರು ನೆಲದ ಮೇಲೆ ಅಳತೆ ಮಾಡಿ ಬೇರೆ ಮಾತು ಹೇಳಿದರು. ಅಮೇಲಾ ದಟ್ಟವಾಗಿರುವುದು ಹಿಂದೆ ಹಿಂಡುಗಳು ಬೀಡುಬಿಟ್ಟು ಹಾಳಾದ ಜಾಗಗಳಲ್ಲಿ, ಮಣ್ಣು ಕುಸಿದ ಬಂಡೆಗಳ ನಡುವೆ. ಅಲ್ಲಿ ಅದು ಸಡಿಲ ಮಣ್ಣನ್ನು ಹಿಡಿದು ನಿಲ್ಲಿಸುತ್ತಿದೆ. ಕಣಿವೆಯ ಉಳಿದ ಭಾಗದ ಹೂಗಳಿಗೆ ಅದರಿಂದ ಅಂಥ ಅಪಾಯವಿಲ್ಲ ಎಂಬುದು ಅವರ ಅಭಿಪ್ರಾಯ. ಅರಣ್ಯ ಇಲಾಖೆ ಅದನ್ನು ಕೀಳಿಸುತ್ತಾ ಬಂದಿದೆ.

ಎರಡೂ ಕಡೆಯವರು ನೋಡಿದ್ದು ಒಂದೇ ಗಿಡ. ಅದರಿಂದ ಮಣ್ಣಿಗೆ ಲಾಭ, ಹೂವಿಗೆ ನಷ್ಟ. ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ನಾರ್ಡಸ್ ಸ್ಟ್ರಿಕ್ಟಾ ಎಂಬ ಒರಟು ಹುಲ್ಲಿನದೂ ಇದೇ ಕತೆ. ಬಡ ಮಣ್ಣಿನಲ್ಲೂ ಗಟ್ಟಿ ಹೊದಿಕೆಯಾಗುತ್ತದೆ, ಆದರೆ ದನಗಳು ಅದಕ್ಕೆ ಬಾಯಿ ಹಾಕಲು ಒಲ್ಲವು. ಮೇಲುಗೈ ಪಡೆದ ಗಿಡ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾ ಇನ್ನೊಂದು ಕೆಲಸಕ್ಕೆ ಅಡ್ಡ ನಿಲ್ಲಬಹುದು. ಆದ್ದರಿಂದ ತಕ್ಕಡಿ ಹಿಡಿಯುವ ಮೊದಲು ನಾವು ತೂಗುತ್ತಿರುವುದು ಯಾವ ಕೆಲಸವನ್ನು ಎಂದು ಹೇಳಬೇಕು.

ಮರಕ್ಕೆ ಮೇಲುಗೈ ಸಿಕ್ಕಾಗ

ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂದಿದೆ. ಅಲ್ಲಿ ಮೇಲುಗೈಗಾಗಿ ಬಂದವು ಹೊರಗಿನ ಮರಗಳು: ವಾಟಲ್ ಎಂದು ಕರೆಯುವ ಅಕೇಶಿಯಾ, ನೀಲಗಿರಿ, ಪೈನ್. ತಮಿಳುನಾಡು ಮತ್ತು ಕೇರಳದ ಎತ್ತರದ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1973ರಿಂದ 2017ರ ನಡುವೆ ಹರಡಿಕೊಂಡ ಹೊರಗಿನ ಮರಗಳು ಅಲ್ಲಿನ ಹುಲ್ಲುಗಾವಲಿನ ಸುಮಾರು ಶೇ. 23ರಷ್ಟನ್ನು, 340 ಚದರ ಕಿಲೋಮೀಟರನ್ನು, ನುಂಗಿವೆ.

ಆ ಮರಗಳ ಪರವಾಗಿಯೂ ಹೇಳಬೇಕಾದ ನ್ಯಾಯವಿದೆ. ವಾಟಲ್ ತೊಗಟೆಯಿಂದ ಚರ್ಮ ಹದಮಾಡುವ ಉದ್ಯಮ ನಡೆಯಿತು. ಬೆಟ್ಟದ ಮೇಲಿನ ಚಳಿಗೆ ಬಡವರ ಒಲೆಗೆ ಸೌದೆ ಸಿಕ್ಕಿತು, ಹಾಗಾಗಿ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಎಂಬ ಸ್ಥಳೀಯ ಕಾಡಿನ ಮೇಲೆ ಬೀಳುವ ಕೊಡಲಿ ಅಷ್ಟು ಕಡಿಮೆಯಾಯಿತು. ಪಳನಿ ಬೆಟ್ಟದ ವಟ್ಟಕಾನಲ್‌ನಲ್ಲಿ ಬಾಬ್ ಸ್ಟುವರ್ಟ್ ಮತ್ತು ತಾನ್ಯಾ ಬಾಲ್ಕರ್ ವರ್ಷಗಟ್ಟಲೆ ದುಡಿದು ಗಮನಿಸಿದಂತೆ, ಹಳೆಯ ವಾಟಲ್ ತೋಪಿನ ನೆರಳಿನಲ್ಲಿ ಶೋಲಾ ಮರದ ಸಸಿಗಳು ತಾವಾಗಿ ಏಳುತ್ತವೆ. ಇಬ್ಬನಿ ಹೆಪ್ಪುಗಟ್ಟುವ ಬಯಲಿನಲ್ಲಿ ಬದುಕಲಾರದ ಸಸಿಗೆ ಆ ನೆರಳು ತಾಯಿಯಾಗುತ್ತದೆ. ಕಾಡು ಬೇಕು ಎನ್ನುವವರಿಗೆ ಇದು ಸಣ್ಣ ಲಾಭವಲ್ಲ.

ಹುಲ್ಲುಗಾವಲು ಬೇಕು ಎನ್ನುವವರಿಗೆ ಅದೇ ನೆರಳು ನಷ್ಟ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಎತ್ತರದ ಹುಲ್ಲುಗಾವಲಿನಲ್ಲಿ ಶೋಲಾ ಸಸಿಗಳು ಬೇರೂರದಂತೆ ತಡೆಯುವುದು ಚಳಿಗಾಲದ ರಾತ್ರಿ ಹೆಪ್ಪುಗಟ್ಟುವ ಇಬ್ಬನಿ. ಹೊರಗಿನ ಅಕೇಶಿಯಾ ಸಸಿಗಳಿಗೆ ಆ ತಡೆ ಅಷ್ಟು ಬಲವಾಗಿಲ್ಲ. ಬೇರಿನಲ್ಲಿ ಸಾರಜನಕ ಕೂಡಿಸುವ ಈ ಮರ ಬಡ ಮಣ್ಣನ್ನು ಕೊಬ್ಬಿದ ಮಣ್ಣು ಮಾಡುತ್ತದೆ. ಬಡತನಕ್ಕೇ ಒಗ್ಗಿದ ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಆ ಕೊಬ್ಬು ವಿಷವಾಗುತ್ತದೆ. ಮರ ಕಡಿದ ಮೇಲೂ ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ. ಕಡಿದು ಬರಿದಾಗಿ ಬಿಟ್ಟ ನೆಲದಲ್ಲಿ ಮರುವರ್ಷ ಏಳುವುದು ವಾಟಲ್ ಸಸಿಗಳ ಹಾಸು.

ಇಲ್ಲಿ ನಾನು ಹುಲ್ಲುಗಾವಲಿನ ಪಕ್ಷಕ್ಕೆ ವಾಲುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಪದರಗಳಲ್ಲಿನ ಇಂಗಾಲವನ್ನು ಓದಿ, ಸುಮಾರು 20,000 ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ಆಳುತ್ತಿತ್ತು ಎಂದು 1993ರಲ್ಲಿ ತೋರಿಸಿದರು. ಈ ಬೆಟ್ಟಗಳು ಮನುಷ್ಯ ಕಾಡು ಸುಟ್ಟದ್ದರಿಂದ ಬೋಳಾದವು ಎಂಬ ಹಳೆಯ ಮಾತು ಈ ಸಾಕ್ಷ್ಯದ ಮುಂದೆ ನಿಲ್ಲಲಿಲ್ಲ. ಆದರೆ ಅದೇ ಪದರಗಳು ಇನ್ನೊಂದನ್ನೂ ಹೇಳುತ್ತವೆ. ಮಳೆ ಹೆಚ್ಚಿದ ಕಾಲದಲ್ಲಿ ಕಾಡು ಮುಂದೆ ಬಂದಿದೆ, ಒಣಗಿದ ಕಾಲದಲ್ಲಿ ಹುಲ್ಲು ಮುಂದೆ ಬಂದಿದೆ. ಮೇಲುಗೈ ಯಾರ ಪಾಲಿಗೂ ಶಾಶ್ವತವಾಗಿರಲಿಲ್ಲ. ಹಿಂದೆ ಸರಿದವರು ಪೂರ್ತಿ ಅಳಿಯದೆ ಮೂಲೆಯಲ್ಲಿ ಉಳಿದದ್ದರಿಂದಲೇ ಮತ್ತೆ ಬರಲು ಸಾಧ್ಯವಾಯಿತು.

ತೂಗಿ ನೋಡಿದರೆ

ಇಷ್ಟನ್ನೂ ತಕ್ಕಡಿಗೆ ಹಾಕಿದಾಗ ನನಗೆ ಕಾಣುವುದು ಹೀಗೆ. ಈ ವರ್ಷದ ಮಣ್ಣು, ಈ ವರ್ಷದ ನೀರು, ಈ ವರ್ಷದ ಮೇವು ಎಂದು ಕೇಳಿದರೆ ಮೇಲುಗೈ ವಾದದವರ ತಟ್ಟೆ ತೂಗುತ್ತದೆ. ಇಪ್ಪತ್ತು ವರ್ಷ, ಮೂರು ಬರ, ಹತ್ತು ಬಗೆಯ ಕೆಲಸ ಎಂದು ಕೇಳಿದರೆ ವೈವಿಧ್ಯದವರ ತಟ್ಟೆ ತೂಗುತ್ತದೆ. ಇಬ್ಬರೂ ಬೇರೆಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಹೇಳುತ್ತಿದ್ದಾರೆ. ತೊಂದರೆಯಾಗುವುದು ಒಬ್ಬರ ಉತ್ತರವನ್ನು ಇನ್ನೊಬ್ಬರ ಪ್ರಶ್ನೆಗೆ ಅಂಟಿಸಿದಾಗ.

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅಂಥ ಗಾಯಗೊಂಡ ಇಳಿಜಾರಿಗಾಗಲಿ, ವಾಟಲ್ ತೆಗೆದ ಬೆಟ್ಟಕ್ಕಾಗಲಿ, ಮೊದಲ ಮಳೆಗಾಲದ ಮುಂಚೆ ಬೇಕಾದದ್ದು ಸ್ಥಳೀಯವಾದ, ಬುಡ ಕಟ್ಟುವ, ಆ ಎತ್ತರಕ್ಕೆ ಸೇರಿದ ಪ್ರಬಲ ಹುಲ್ಲು. ಮಣ್ಣೇ ಕೊಚ್ಚಿಹೋದ ಮೇಲೆ ಆರ್ಕಿಡ್ ಬೀಜ ಹಿಡಿದು ನಿಲ್ಲಲು ನೆಲವಿರುವುದಿಲ್ಲ. ವಾಟಲ್ ಸಸಿಗೆ ಮೊದಲೇ ಜಾಗ ಹಿಡಿಯಬಲ್ಲವರೂ ಈ ಹುಲ್ಲುಗಳೇ. ಇಲ್ಲಿ ಗ್ರೈಮ್ ಅವರ ಮಾತು ಕೇಳಬೇಕು.

ಆದರೆ ಹುಲ್ಲು ಹಸಿರಾದ ದಿನವೇ ಕೆಲಸ ಮುಗಿಯಿತು ಎಂದು ಫಲಕ ನೆಡಬಾರದು. ಮೆಳೆಹುಲ್ಲನ್ನು ಯಾರೂ ಮುಟ್ಟದೆ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಒಣಗಿದ ಕರಡ ದಟ್ಟವಾಗಿ, ಬೆಳಕಿಗೆ ಕಾಯುವ ಸಣ್ಣವರು ಅಡಿಯಲ್ಲಿ ಸಾಯುತ್ತಾರೆ. ಬೇಸಗೆಯಲ್ಲಿ ಅದೇ ಕರಡ ದೊಡ್ಡ ಬೆಂಕಿಗೆ ಕಟ್ಟಿಗೆಯಾಗುತ್ತದೆ. ಎರವಿಕುಳಂನಲ್ಲಿ ಸರದಿಯಂತೆ ಸಣ್ಣ ತುಂಡುಗಳಿಗೆ ಹದವಾದ ಬೆಂಕಿ ಇಟ್ಟು, ನೀಲಗಿರಿ ತಾರ್ ಎಂಬ ಕಾಡುಮೇಕೆಗೆ ಎಳೆಹುಲ್ಲು ಬರುವಂತೆ ನೋಡಿಕೊಂಡ ಪದ್ಧತಿ ಇದೆ. ಹೊತ್ತು ತಪ್ಪಿದ ಬೆಂಕಿ ಶೋಲಾದ ಅಂಚನ್ನೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯನ್ನೂ ಸುಡುತ್ತದೆ ಎಂಬುದೂ ಅಷ್ಟೇ ನಿಜ. ಮೇಯಿಸುವುದೋ, ಕೊಯ್ಯುವುದೋ, ಸುಡುವುದೋ ಎಂಬುದನ್ನು ಆಯಾ ಬೆಟ್ಟ, ಆಯಾ ಜನ ಕೂತು ತೀರ್ಮಾನಿಸಬೇಕು. ದೊಡ್ಡ ಹುಲ್ಲಿನ ಕೈ ಸ್ವಲ್ಪ ಸಡಿಲಿಸಿ ಸಂದಿಗಳಲ್ಲಿ ಬೆಳಕು ಬೀಳುವ ಹಾಗೆ ಮಾಡುವುದು ಅವುಗಳೆಲ್ಲದರ ಗುರಿ. ಆ ಬೆಳಕಿಗೆ ಬರಬೇಕಾದವರ ಬೀಜವನ್ನು ಪಕ್ಕದ ಹಾಳಾಗದ ಗುಡ್ಡದಿಂದ ತಂದು ಸೇರಿಸುವುದು ಎರಡನೆಯ, ಹೆಚ್ಚು ತಾಳ್ಮೆಯ ಕೆಲಸ. ಅದಕ್ಕೆ ಹಣವನ್ನು ಮೊದಲೇ ತೆಗೆದಿಟ್ಟಿರಬೇಕು.

ಒಂದು ಗುಡ್ಡ ಚೇತರಿಸಿಕೊಂಡಿದೆಯೇ ಎಂದು ತಿಳಿಯಲು ನಾನಾದರೆ ಅಲ್ಲಿಗೆ ಎರಡು ಸಲ ಹೋಗುತ್ತೇನೆ. ಮೊದಲನೆಯದು ಜುಲೈಯಲ್ಲಿ, ಜಡಿಮಳೆಯ ಮೂರನೆಯ ದಿನ, ಬುಡದ ತೊರೆ ತಿಳಿಯಾಗಿದೆಯೇ ಎಂದು ನೋಡಲು. ತಿಳಿಯಾಗಿದ್ದರೆ ದೊಡ್ಡ ಹುಲ್ಲು ತನ್ನ ಕೆಲಸ ಮಾಡಿದೆ. ಎರಡನೆಯದು ಹತ್ತು ಹದಿನೈದು ವರ್ಷ ಕಳೆದ ಮೇಲೆ, ಮಳೆ ಕೈಕೊಟ್ಟ ವರ್ಷದ ಏಪ್ರಿಲ್‌ನಲ್ಲಿ. ಅಂದು ಮೆಳೆಗಳೆಲ್ಲ ಒಣಗಿ ಬೆಳ್ಳಗಾಗಿರುತ್ತವೆ. ಬಾಗಿ, ಸಂದಿಗಳನ್ನು ಬೆರಳಿನಿಂದ ಬಿಡಿಸಿ, ಅಲ್ಲಿ ಹಸಿರಾಗಿ ನಿಂತವರು ಯಾರಾದರೂ ಇದ್ದಾರೆಯೇ ಎಂದು ನೋಡಬೇಕು.